ಬಡವರ ಮನೆಗಳ ಒಡತಿ

ಅನ್ನ ಮತ್ತು ಬಟ್ಟೆಗಳಂತೆಯೇ ವಸತಿಯೂ ಮನುಷ್ಯನಿಗೆ ಅತ್ಯಾವಶ್ಯಕವಾದುದು. ಹಸಿದವನಿಗೆ ಒಂದು ಹೊತ್ತಿನ ಊಟವನ್ನು ಯಾರಾದರೂ ನೀಡಬಹುದು. ಬಟ್ಟೆಯಿಲ್ಲದವನಿಗೆ ಹಳೆಯ ಉಡುಪೊಂದನ್ನು ಕೊಡಬಹುದು. ಆದರೆ ಮನೆಯಿಲ್ಲದವನಿಗೆ ಮನೆಯನ್ನು ಒದಗಿಸುವುದು ಅಷ್ಟು ಸುಲಭವಲ್ಲ. ಅದಕ್ಕೆ ನೆಲ ಬೇಕು, ಹಣ ಬೇಕು. ಕಟ್ಟಿದ ಮನೆ ಹಾಳಾಗದಂತೆ ವರ್ಷ ವರ್ಷವೂ ನೋಡಿಕೊಳ್ಳುವವರು ಬೇಕು. ಬಡವನು ಕೊಡಬಲ್ಲಷ್ಟು ಬಾಡಿಗೆಯಲ್ಲಿ ಇವೆಲ್ಲವನ್ನೂ ನಡೆಸಲು ಸಾಧ್ಯವೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿಯೇ ತನ್ನ ಜೀವಮಾನವನ್ನು ಕಳೆದವಳು ಇಂಗ್ಲೆಂಡಿನ ಆಕ್ಟೇವಿಯ ಹಿಲ್.

ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ನಗರವು ಅತಿ ಶೀಘ್ರವಾಗಿ ಬೆಳೆಯಿತು. 1801ರಲ್ಲಿ ಸುಮಾರು 10 ಲಕ್ಷದಷ್ಟಿದ್ದ ಅದರ ಜನಸಂಖ್ಯೆಯು 1851ರ ವೇಳೆಗೆ 23 ಲಕ್ಷವನ್ನು ಮೀರಿತು. ಕೆಲಸವನ್ನು ಅರಸಿಕೊಂಡು ಹಳ್ಳಿಗಳಿಂದ ಬಂದ ಜನರಿಗೆ ದುಡಿಮೆಯೇನೋ ದೊರೆಯಿತು. ಆದರೆ ತಲೆಯ ಮೇಲೊಂದು ಒಳ್ಳೆಯ ಸೂರು ದೊರೆಯಲಿಲ್ಲ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ವಾಸಿಸುತ್ತಿತ್ತು. ಮನೆಯ ಯಜಮಾನನಿಗೂ ಅಲ್ಲಿ ಇರುವವರಿಗೂ ಯಾವ ಸಂಬಂಧವೂ ಇರಲಿಲ್ಲ. ನಡುವೆ ನಿಂತ ಮಧ್ಯವರ್ತಿಗಳು ಇಡೀ ಮನೆಯನ್ನು ಗುತ್ತಿಗೆಗೆ ಹಿಡಿದು, ಕೋಣೆಗಳನ್ನು ಬಿಡಿಬಿಡಿಯಾಗಿ ಬಾಡಿಗೆಗೆ ಕೊಟ್ಟು ಲಾಭ ಗಳಿಸುತ್ತಿದ್ದರು. ಮನೆ ಸೋರಿದರೆ ದುರಸ್ತಿ ಮಾಡುವವರಿಲ್ಲ. ಚರಂಡಿ ಕಟ್ಟಿದರೆ ಕೇಳುವವರಿಲ್ಲ. ಇಂತಹ ವಠಾರಗಳಲ್ಲಿ ಕಾಲರಾ, ವಿಷಮಜ್ವರ ಮೊದಲಾದ ರೋಗಗಳು ಮತ್ತೆ ಮತ್ತೆ ಹಬ್ಬಿ ಅಸಂಖ್ಯಾತ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದವು.

ಆಕ್ಟೇವಿಯ ಹಿಲ್ 1838ರ ಡಿಸೆಂಬರ್ 3ರಂದು ಇಂಗ್ಲೆಂಡಿನ ವಿಸ್‌ಬೀಚ್ ಎಂಬ ಪಟ್ಟಣದಲ್ಲಿ ಜನಿಸಿದಳು. ತಂದೆ ಜೇಮ್ಸ್ ಹಿಲ್ ಧಾನ್ಯದ ವರ್ತಕ. ಆತನಿಗೆ ಎಂಟನೆಯ ಮಗಳಾಗಿ ಹುಟ್ಟಿದುದರಿಂದಲೇ ಆಕೆಗೆ ಲ್ಯಾಟಿನ್ ಭಾಷೆಯಲ್ಲಿ ಎಂಟನೆಯವಳು ಎಂಬ ಅರ್ಥವನ್ನು ಕೊಡುವ ಆಕ್ಟೇವಿಯ ಎಂಬ ಹೆಸರು ಬಂದಿತು. ಜೇಮ್ಸ್ ಹಿಲ್ ಉದಾರಿಯಾಗಿದ್ದನು. ಬಡಮಕ್ಕಳಿಗಾಗಿ ತನ್ನ ಊರಿನಲ್ಲಿ ಶಾಲೆಯೊಂದನ್ನು ಸ್ಥಾಪಿಸಿದ್ದನು. ಆದರೆ 1840ರಲ್ಲಿ ಆತನ ವ್ಯಾಪಾರವು ದಿವಾಳಿಯಾಯಿತು. ಆ ಆಘಾತದಿಂದ ಆತನ ಮನಸ್ಸು ಕುಗ್ಗಿಹೋಯಿತು. ಸಂಸಾರದ ಭಾರವೆಲ್ಲ ತಾಯಿ ಕ್ಯಾರೊಲೀನಳ ಮೇಲೆ ಬಿದ್ದಿತು. ಆಕೆ ತನ್ನ ಐವರು ಹೆಣ್ಣುಮಕ್ಕಳೊಡನೆ ಲಂಡನ್ನಿನ ಸಮೀಪದ ಫಿಂಚ್ಲಿಗೆ ಬಂದು ತನ್ನ ತಂದೆಯ ಆಸರೆಯನ್ನು ಪಡೆದಳು.

ಕ್ಯಾರೊಲೀನಳ ತಂದೆ ಡಾಕ್ಟರ್ ಸೌತ್‌ವುಡ್ ಸ್ಮಿತ್ ಪ್ರಸಿದ್ಧ ವೈದ್ಯ. ಆತನು ಲಂಡನ್ನಿನ ಜ್ವರದ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ, ರೋಗಕ್ಕೂ ಕೊಳಕು ವಸತಿಗೂ ಇರುವ ನಂಟನ್ನು ಕಣ್ಣಾರೆ ಕಂಡಿದ್ದನು. ಬಡವರ ಕೇರಿಗಳನ್ನು ಸುತ್ತಿ, ಅಲ್ಲಿನ ಸ್ಥಿತಿಯನ್ನು ವರದಿಗಳ ಮೂಲಕ ಸರ್ಕಾರದ ಗಮನಕ್ಕೆ ತಂದಿದ್ದನು. ಮೊಮ್ಮಗಳಾದ ಆಕ್ಟೇವಿಯಳು ಬಾಲ್ಯದಲ್ಲಿಯೇ ಅಜ್ಜನ ಮಾತುಗಳಿಂದ ಈ ವಿಷಯಗಳನ್ನು ತಿಳಿದಳು. ಆಕೆ ಶಾಲೆಗೆ ಹೋಗಿ ಕಲಿತವಳಲ್ಲ. ತಾಯಿಯೇ ಆಕೆಗೆ ಗುರುವಾಗಿದ್ದಳು.

1852ರಲ್ಲಿ ಕ್ಯಾರೊಲೀನಳಿಗೆ ಲಂಡನ್ನಿನ ಸ್ತ್ರೀಯರ ಸಹಕಾರಿ ಕುಶಲಕರ್ಮ ಸಂಘವೊಂದರಲ್ಲಿ ವ್ಯವಸ್ಥಾಪಕಿಯ ಕೆಲಸ ದೊರೆಯಿತು. ಆಕ್ಟೇವಿಯಳೂ ತಾಯಿಯ ಜೊತೆಯಲ್ಲಿ ಅಲ್ಲಿ ದುಡಿಯತೊಡಗಿದಳು. ಹದಿನಾಲ್ಕನೆಯ ವಯಸ್ಸಿಗೆ, ಗೊಂಬೆಗಳ ಆಟಿಕೆಗಳನ್ನು ತಯಾರಿಸುವ ಬಡಹುಡುಗಿಯರ ಮೇಲ್ವಿಚಾರಣೆ ಆಕೆಯ ಪಾಲಿಗೆ ಬಂದಿತು. ಆ ಹುಡುಗಿಯರಲ್ಲಿ ಕೆಲವರು ಆಕೆಗಿಂತಲೂ ಎಷ್ಟೋ ಚಿಕ್ಕವರು. ಅವರಲ್ಲಿ ಯಾರಾದರೂ ಕೆಲಸಕ್ಕೆ ಬಾರದಿದ್ದರೆ ಆಕೆ ಅವರ ಮನೆಯನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಅಜ್ಜನ ಬಾಯಿಂದ ಕೇಳಿದ್ದ ಕತ್ತಲೆಯ ಕೋಣೆಗಳನ್ನು ಆಕೆ ಸ್ವತಃ ಕಂಡದ್ದು ಆಗಲೇ. ಬಡತನವೆಂಬುದು ಕೇವಲ ಹಣದ ಕೊರತೆಯಲ್ಲ, ಗಾಳಿ, ಬೆಳಕು, ನೀರು ಹಾಗೂ ಮಾನಗಳ ಕೊರತೆಯೂ ಹೌದು ಎಂಬುದನ್ನು ಆಕೆ ಆ ಎಳೆಯ ವಯಸ್ಸಿನಲ್ಲಿಯೇ ಅರಿತಳು.

ಈ ಕಾಲದಲ್ಲಿಯೇ ಆಕೆಗೆ ಜಾನ್ ರಸ್ಕಿನ್ನನ ಪರಿಚಯವಾಯಿತು. ರಸ್ಕಿನ್ ಆ ಯುಗದ ಮಹಾ ಕಲಾವಿಮರ್ಶಕ ಮತ್ತು ಚಿಂತಕ. ಆತನ ‘ಅನ್‌ಟು ದಿಸ್ ಲಾಸ್ಟ್’ ಎಂಬ ಗ್ರಂಥವನ್ನು ಗಾಂಧೀಜಿಯವರು 1904ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಓದಿ, ಅದರಿಂದ ಪ್ರಭಾವಿತರಾಗಿ, ‘ಸರ್ವೋದಯ’ ಎಂಬ ಹೆಸರಿನಲ್ಲಿ ಅದರ ಸಾರವನ್ನು ಗುಜರಾತಿಗೆ ತಂದುದು ನಮಗೆಲ್ಲ ತಿಳಿದ ಸಂಗತಿ. ಚಿತ್ರಕಲೆಯಲ್ಲಿ ಆಸಕ್ತಿಯಿದ್ದ ಆಕ್ಟೇವಿಯಳನ್ನು ರಸ್ಕಿನ್ 1855ರಲ್ಲಿ ತನ್ನ ಸಹಾಯಕಳನ್ನಾಗಿ ತೆಗೆದುಕೊಂಡನು. ಹಳೆಯ ಚಿತ್ರಗಳ ಪ್ರತಿಗಳನ್ನು ಬರೆಯುವುದು ಆಕೆಯ ಕೆಲಸ. ಹತ್ತು ವರ್ಷಗಳ ಕಾಲ ಆಕೆ ಈ ಕೆಲಸವನ್ನು ಮಾಡಿದಳು. ಅದರೊಡನೆ ಶ್ರಮಜೀವಿ ಸ್ತ್ರೀಯರ ತರಗತಿಗಳನ್ನು ನೋಡಿಕೊಂಡಳು. ಅಕ್ಕತಂಗಿಯರೊಡಗೂಡಿ ಮನೆಯಲ್ಲಿಯೇ ಒಂದು ಶಾಲೆಯನ್ನೂ ನಡೆಸಿದಳು. ಆದರೂ ತಾನು ಕಂಡ ಆ ಕತ್ತಲೆಯ ಕೋಣೆಗಳು ಆಕೆಯ ಮನಸ್ಸಿನಿಂದ ಮರೆಯಾಗಲಿಲ್ಲ. ಬಡವರಿಗೆ ಯೋಗ್ಯವಾದ ಕೆಲವು ಮನೆಗಳನ್ನು ಪಡೆಯಲು ಆಕೆ ಪ್ರಯತ್ನಿಸಿದಳು. ಬಡವರಿಗಾಗಿ ಎಂದು ತಿಳಿದೊಡನೆಯೇ ಮನೆಯ ಒಡೆಯರು ಹಿಂದೆ ಸರಿಯುತ್ತಿದ್ದರು.

1864ರಲ್ಲಿ ರಸ್ಕಿನ್ನನ ತಂದೆ ತೀರಿಕೊಂಡನು. ಮಗನ ಕೈಗೆ ಅಪಾರವಾದ ಆಸ್ತಿ ಬಂದಿತು. ಅದನ್ನು ಹೇಗೆ ವಿನಿಯೋಗಿಸಬೇಕೆಂದು ಆತನು ಯೋಚಿಸುತ್ತಿದ್ದಾಗ ಆಕ್ಟೇವಿಯಳು ತನ್ನ ಯೋಜನೆಯನ್ನು ಅವನ ಮುಂದಿಟ್ಟಳು. ರಸ್ಕಿನ್ ಒಪ್ಪಿದನು. ಆದರೆ ಈ ಹಣ ದಾನವಾಗಬಾರದು, ಮೂಲಧನದ ಮೇಲೆ ವರ್ಷಕ್ಕೆ ಶೇಕಡ 5ರಷ್ಟು ಬಡ್ಡಿ ಬರಬೇಕು ಎಂಬುದು ಆತನ ಸೂಚನೆ. ಆತನಿಗೆ ಲಾಭದ ಆಸೆಯಿರಲಿಲ್ಲ. ದಾನದಿಂದ ನಡೆಯುವ ಕಾರ್ಯವು ದಾನಿಯೊಡನೆ ನಿಂತುಹೋಗುತ್ತದೆ. ನ್ಯಾಯವಾದ ಆದಾಯವನ್ನು ತರುವ ಕಾರ್ಯವನ್ನು ಕಂಡು ಇತರರೂ ಹಣ ಹೂಡಲು ಮುಂದೆ ಬರುತ್ತಾರೆ. ಈ ಮಾತು ಆಕ್ಟೇವಿಯಳಿಗೂ ಸಮ್ಮತವಾಗಿತ್ತು.

1865ರಲ್ಲಿ ರಸ್ಕಿನ್ ಲಂಡನ್ನಿನ ಮೇರಿಲೆಬೋನ್ ಭಾಗದ ಪ್ಯಾರಡೈಸ್ ಪ್ಲೇಸ್ ಎಂಬ ಓಣಿಯಲ್ಲಿ ಮೂರು ಮನೆಗಳ 56 ವರ್ಷದ ಗುತ್ತಿಗೆಯನ್ನು 750 ಪೌಂಡುಗಳಿಗೆ ಕೊಂಡು ಆಕ್ಟೇವಿಯಳಿಗೆ ಒಪ್ಪಿಸಿದನು. ಓಣಿಯ ಹೆಸರು ಸ್ವರ್ಗ; ಆದರೆ ಸುತ್ತಲಿನ ಜನ ಅದನ್ನು ಕರೆಯುತ್ತಿದ್ದುದು ಪುಟ್ಟ ನರಕವೆಂದು. ಗೋಡೆಗಳ ಗಾರೆ ಕಳಚಿ ಬಿದ್ದಿತ್ತು. ಛಾವಣಿಯಿಂದ ಸುರಿಯುವ ಮಳೆಯ ನೀರನ್ನು ಹಿಡಿಯಲು ಮೆಟ್ಟಿಲಿನ ಮೇಲೆ ಬಕೆಟ್ಟನ್ನು ಇಟ್ಟಿದ್ದರು. ಮೆಟ್ಟಿಲುಗಳ ಪಕ್ಕದ ಮರದ ಕಟಕಟೆಯನ್ನು ಚಳಿಗಾಲದಲ್ಲಿ ಕಿತ್ತು ಉರಿಸಿಬಿಟ್ಟಿದ್ದರು. ಕಿಟಕಿಗಳ ಒಡೆದ ಗಾಜಿನ ಜಾಗಕ್ಕೆ ಚಿಂದಿ ತುರುಕಿತ್ತು. ಬಟ್ಟೆ ಒಗೆಯುವ ಕೋಣೆಗೆ ಬೀಗ ಬಿದ್ದಿತ್ತು. ಆಗ ಆಕ್ಟೇವಿಯಳಿಗೆ ಇಪ್ಪತ್ತಾರು ವರ್ಷ ವಯಸ್ಸು.

ಒಕ್ಕಲುಗಳು ಆಕೆಯನ್ನು ಸಂತೋಷದಿಂದ ಬರಮಾಡಿಕೊಳ್ಳಲಿಲ್ಲ. ಒಡೆಯರೆಂದರೆ ಸುಲಿಯುವವರು ಎಂಬುದೇ ಅವರ ಅದುವರೆಗಿನ ಅನುಭವ. ವಾರದ ಬಾಡಿಗೆಗಾಗಿ ಆಕೆ ಕತ್ತಲೆಯ ಮೆಟ್ಟಿಲುಗಳನ್ನು ಹತ್ತಿ ಹೋದರೆ, ಕೆಲವರು ಬಾಗಿಲಿಗೆ ಒಳಗಿನಿಂದ ಕಾಲನ್ನು ಒತ್ತಿಹಿಡಿದು, ಸಂದಿನಿಂದ ನಾಣ್ಯಗಳನ್ನು ಹೊರಗೆ ನೀಡುತ್ತಿದ್ದರು. ಆಕೆ ಬೇಸರಗೊಳ್ಳಲಿಲ್ಲ. ಕರೆಯದೆ ಯಾರ ಕೋಣೆಯನ್ನೂ ಆಕೆ ಪ್ರವೇಶಿಸುತ್ತಿರಲಿಲ್ಲ. ತನ್ನ ಸ್ನೇಹಿತೆಯರ ಮನೆಗೆ ಹೋದಾಗ ಹೇಗೆ ನಡೆದುಕೊಳ್ಳುತ್ತಿದ್ದಳೋ ಹಾಗೆಯೇ ಇಲ್ಲಿಯೂ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು. ಕೆಲವು ತಿಂಗಳುಗಳಲ್ಲಿಯೇ ಬಾಗಿಲುಗಳು ತಾವಾಗಿಯೇ ತೆರೆಯತೊಡಗಿದವು.

ಆಕೆಯ ಪದ್ಧತಿಯು ಬಹು ಸರಳವಾದುದು. ಬಾಡಿಗೆಯನ್ನು ವಾರ ವಾರವೂ ತಪ್ಪದೆ ಸಲ್ಲಿಸಬೇಕು, ಬಾಕಿಯನ್ನು ಬೆಳೆಯಗೊಡಬಾರದು. ಅದಕ್ಕೆ ಪ್ರತಿಯಾಗಿ ಒಡತಿಯೂ ತನ್ನ ಕರ್ತವ್ಯವನ್ನು ವಾರ ವಾರವೂ ತಪ್ಪದೆ ಮಾಡಬೇಕು. ಮೊದಲು ಚರಂಡಿ, ನೀರು ಮತ್ತು ಛಾವಣಿಗಳನ್ನು ಸರಿಪಡಿಸಿದಳು. ಇತರ ಅನುಕೂಲಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಳು. ಪ್ರತಿಯೊಂದು ಮನೆಯ ದುರಸ್ತಿಗೂ ವರ್ಷಕ್ಕೆ ಇಷ್ಟು ಹಣವೆಂದು ತೆಗೆದಿಟ್ಟಳು. ಜನರು ಮನೆಯನ್ನು ಜೋಪಾನವಾಗಿ ಬಳಸಿ ಆ ಹಣದಲ್ಲಿ ಏನಾದರೂ ಉಳಿಸಿದರೆ, ಉಳಿದುದನ್ನು ಅವರೇ ಅಪೇಕ್ಷಿಸಿದ ಅನುಕೂಲಕ್ಕೆ ವೆಚ್ಚ ಮಾಡುತ್ತಿದ್ದಳು. ಹೀಗಾಗಿ ಗಾಜು ಒಡೆದರೆ ನಷ್ಟ ಯಾರಿಗೆ ಎಂಬುದು ಎಲ್ಲರಿಗೂ ತಿಳಿಯುವಂತಾಯಿತು. ಮೆಟ್ಟಿಲು ಮತ್ತು ಓಣಿಗಳನ್ನು ತೊಳೆಯುವ ಕೆಲಸವನ್ನು ಅಲ್ಲಿಯ ಹುಡುಗಿಯರಿಗೇ ಕೂಲಿ ಕೊಟ್ಟು ಮಾಡಿಸಿದಳು. ಪುರುಷರಿಗೆ ಹೊರಗೆ ಕೆಲಸ ಸಿಕ್ಕದ ದಿನಗಳಲ್ಲಿ ಸುಣ್ಣ ಬಳಿಯುವುದು, ಮುರಿದುದನ್ನು ಸರಿಪಡಿಸುವುದು ಮುಂತಾದ ಕೆಲಸಗಳನ್ನು ಕೊಟ್ಟು, ಬಾಡಿಗೆ ನಿಲ್ಲದಂತೆ ನೋಡಿಕೊಂಡಳು. ಒಂದೇ ಕೋಣೆಯಲ್ಲಿ ಕಿಕ್ಕಿರಿದಿದ್ದ ಸಂಸಾರಗಳು ಎರಡು ಕೋಣೆಗಳನ್ನು ಹಿಡಿಯಲು ಅನುಕೂಲ ಮಾಡಿಕೊಟ್ಟಳು. ಉಳಿತಾಯದ ಅಭ್ಯಾಸವನ್ನೂ ಬೆಳೆಸಿದಳು.

ಈ ಮೂರು ಮನೆಗಳ ಲೆಕ್ಕವು ಸರಿಹೋಯಿತು. ದುರಸ್ತಿಯ ವೆಚ್ಚ ಕಳೆದು ರಸ್ಕಿನ್ನನಿಗೆ ಶೇಕಡ 5ರ ಬಡ್ಡಿಯೂ ಸಂದಿತು. 1866ರಲ್ಲಿ ಆತನು ಫ್ರೆಶ್‌ವಾಟರ್ ಪ್ಲೇಸ್ ಎಂಬಲ್ಲಿ ಇನ್ನಷ್ಟು ಮನೆಗಳನ್ನು ಕೊಂಡುಕೊಟ್ಟನು. ಅಲ್ಲಿದ್ದ ಹಾಳು ಜಾಗವನ್ನು ಬಿಡಿಸಿ ಆಕ್ಟೇವಿಯಳು ಮಕ್ಕಳಿಗೆ ಆಟದ ಬಯಲನ್ನು ಮಾಡಿದಳು. ರಸ್ಕಿನ್ ಅಲ್ಲಿ ಮರಗಳನ್ನು ನೆಡಿಸಿದನು. ಗೋಡೆಗಳಿಗೆ ಬಳ್ಳಿಗಳನ್ನು ಹಬ್ಬಿಸಿದನು. ಇದನ್ನು ಕಂಡು ಇತರ ಸಿರಿವಂತರೂ ತಮ್ಮ ಹಣವನ್ನು ಆಕೆಯ ಕೈಗೆ ಒಪ್ಪಿಸತೊಡಗಿದರು. 1874ರ ವೇಳೆಗೆ ಆಕೆಯ ಆಡಳಿತದಲ್ಲಿ 15 ಕಡೆ ಮನೆಗಳಿದ್ದವು. ಅವುಗಳಲ್ಲಿ ಸುಮಾರು 3,000 ಮಂದಿ ವಾಸವಾಗಿದ್ದರು. ಮರುವರ್ಷ ಆಕೆಯ ಲೇಖನಗಳು ‘ಹೋಮ್ಸ್ ಆಫ್ ದಿ ಲಂಡನ್ ಪೂರ್’ ಎಂಬ ಪುಸ್ತಕವಾಗಿ ಪ್ರಕಟವಾದವು. ವಿಕ್ಟೋರಿಯ ರಾಣಿಯ ಮಗಳಾದ ರಾಜಕುಮಾರಿ ಆಲಿಸ್ ಅದನ್ನು ಜರ್ಮನ್ ಭಾಷೆಗೆ ತರಿಸಿದಳು.

ಇಷ್ಟೊಂದು ಮನೆಗಳನ್ನು ಒಬ್ಬಳೇ ನೋಡಿಕೊಳ್ಳುವುದು ಅಸಾಧ್ಯವಾಗಿತ್ತು. ಆದುದರಿಂದ ಆಕೆ ವಿದ್ಯಾವಂತ ತರುಣಿಯರನ್ನು ತನ್ನ ಕಾರ್ಯಕ್ಕೆ ಸೇರಿಸಿಕೊಂಡು ತರಬೇತಿ ನೀಡಿದಳು. ಕೇವಲ ಕರುಣೆಯಿದ್ದರೆ ಸಾಲದೆಂಬುದು ಆಕೆಯ ದೃಢವಾದ ಅಭಿಪ್ರಾಯ. ಲೆಕ್ಕ ಬರೆಯುವುದು, ಚರಂಡಿಯ ರಚನೆ, ಗುತ್ತಿಗೆಯ ಕಾನೂನು, ದುರಸ್ತಿಯ ಅಂದಾಜು ಇವೆಲ್ಲವನ್ನೂ ಅವರು ಕಲಿಯಬೇಕಾಗಿತ್ತು. ಮೊದಮೊದಲು ಸಂಬಳವಿಲ್ಲದೆ ಬಂದ ಸ್ವಯಂಸೇವಕಿಯರೇ ಹೆಚ್ಚಾಗಿದ್ದರು. ಕ್ರಮೇಣ ಇದು ಸಂಬಳ ಪಡೆಯುವ ವೃತ್ತಿಯಾಗಿ ಬೆಳೆಯಿತು. ಸ್ತ್ರೀಯರಿಗೆ ತೆರೆದಿದ್ದ ವೃತ್ತಿಗಳು ಬಹಳ ವಿರಳವಾಗಿದ್ದ ಕಾಲದಲ್ಲಿ ಆಕೆ ಒಂದು ಹೊಸ ವೃತ್ತಿಯನ್ನೇ ಸೃಷ್ಟಿಸಿದಳು.

ಆಕೆಯ ಹಾದಿಯು ಯಾವಾಗಲೂ ಸುಗಮವಾಗಿರಲಿಲ್ಲ. 1877ರಲ್ಲಿ ರಸ್ಕಿನ್ನನೊಡನೆ ಮನಸ್ತಾಪ ಉಂಟಾಯಿತು. ಆತನಿಗೆ ವ್ಯವಹಾರಜ್ಞಾನ ಸಾಲದೆಂದು ಆಕೆ ಬೇರೊಬ್ಬರಲ್ಲಿ ಹೇಳಿದ್ದುದು ಆತನ ಕಿವಿಗೆ ಬಿದ್ದಿತು. ನೊಂದುಕೊಂಡ ಆತನು ತಮ್ಮಿಬ್ಬರ ನಡುವಿನ ಪತ್ರಗಳನ್ನೇ ಅಚ್ಚು ಹಾಕಿಸಿದನು. ಅತಿಯಾದ ದುಡಿಮೆಯಿಂದ ಮೊದಲೇ ಬಳಲಿದ್ದ ಆಕೆ ಈ ಪೆಟ್ಟಿನಿಂದ ಹಾಸಿಗೆ ಹಿಡಿದಳು. ಚೇತರಿಸಿಕೊಳ್ಳುವುದಕ್ಕಾಗಿ ದೀರ್ಘಕಾಲ ವಿದೇಶಗಳಲ್ಲಿ ಇರಬೇಕಾಯಿತು. ಆದರೆ ಆಕೆ ದೂರವಿದ್ದಾಗಲೂ ಕೆಲಸವು ನಿಲ್ಲಲಿಲ್ಲ. ತರಬೇತಿ ಹೊಂದಿದ ಆಕೆಯ ಸಂಗಡಿಗರು ಅದನ್ನು ಎಂದಿನಂತೆ ನಡೆಸಿಕೊಂಡು ಬಂದರು.

1884ರಲ್ಲಿ ಚರ್ಚಿನ ಆಸ್ತಿಗಳನ್ನು ನೋಡಿಕೊಳ್ಳುತ್ತಿದ್ದ ಎಕ್ಲೀಸಿಯಾಸ್ಟಿಕಲ್ ಕಮಿಷನ್ ದಕ್ಷಿಣ ಲಂಡನ್ನಿನ ಸದರ್ಕ್ ಭಾಗದಲ್ಲಿದ್ದ ತನ್ನ ಕೆಲವು ಮನೆಗಳ ಆಡಳಿತವನ್ನು ಆಕೆಗೆ ವಹಿಸಿತು. ಅಲ್ಲಿ ಕಾಗದದ ಕಾರ್ಖಾನೆಯೊಂದು ಇದ್ದ ಪಾಳುನೆಲವನ್ನು ಹಸನುಗೊಳಿಸಿ, 1887ರಲ್ಲಿ ರೆಡ್ ಕ್ರಾಸ್ ಉದ್ಯಾನವನ್ನು ನಿರ್ಮಿಸಿದಳು. ಅದರ ಪಕ್ಕದಲ್ಲಿ ಸಣ್ಣ ಸಣ್ಣ ಮನೆಗಳನ್ನೂ ಒಂದು ಸಭಾಮಂದಿರವನ್ನೂ ಕಟ್ಟಿಸಿದಳು. ನೂರಾರು ಸಂಸಾರಗಳನ್ನು ಒಂದೇ ಕಡೆ ಅಡಕುವ ಎತ್ತರದ ಕಟ್ಟಡಗಳು ಆಕೆಗೆ ಒಪ್ಪಿಗೆಯಾಗಿರಲಿಲ್ಲ. ಪ್ರತಿಯೊಂದು ಸಂಸಾರಕ್ಕೂ ತನ್ನದೇ ಆದ ಬಾಗಿಲೊಂದು ಇರಬೇಕೆಂಬುದು ಆಕೆಯ ಅಪೇಕ್ಷೆ. ಆ ಉದ್ಯಾನವೂ ಮನೆಗಳೂ ಇಂದಿಗೂ ಉಳಿದಿವೆ.

ಮನೆಯ ನಾಲ್ಕು ಗೋಡೆಗಳ ಆಚೆಗೂ ಬಡವನಿಗೆ ತುಸು ಹಸುರು, ತುಸು ಆಕಾಶ ಬೇಕು ಎಂಬುದನ್ನು ಆಕೆ ಬಲ್ಲವಳಾಗಿದ್ದಳು. 1875ರಲ್ಲಿ ಲಂಡನ್ನಿನ ಸ್ವಿಸ್ ಕಾಟೇಜ್ ಬಳಿಯ ಹುಲ್ಲುಗಾವಲನ್ನು ಕಟ್ಟಡಗಳಿಂದ ಉಳಿಸಲು ಚಂದಾ ಕೂಡಿಸಿದಳು. ಆದರೆ ಆ ಯತ್ನ ಫಲಿಸಲಿಲ್ಲ. ಸೋಲಿನಿಂದ ಕುಗ್ಗದೆ ಇತರ ಬಯಲುಗಳ ರಕ್ಷಣೆಗೆ ನಿಂತಳು. ಕಡೆಗೆ 1895ರಲ್ಲಿ ರಾಬರ್ಟ್ ಹಂಟರ್ ಮತ್ತು ಹಾರ್ಡ್‌ವಿಕ್ ರಾನ್ಸ್ಲಿ ಎಂಬುವರೊಡನೆ ಸೇರಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದಳು. ಸುಂದರವಾದ ನಿಸರ್ಗ ಪ್ರದೇಶಗಳನ್ನೂ ಹಳೆಯ ಕಟ್ಟಡಗಳನ್ನೂ ಸಮಸ್ತ ಜನರ ಪರವಾಗಿ ಕಾಪಾಡಿಕೊಂಡು ಬರುವುದು ಅದರ ಉದ್ದೇಶ. 1896ರಲ್ಲಿ ಆ ಸಂಸ್ಥೆಯು ಆಲ್ಫ್ರಿಸ್ಟನ್ ಎಂಬ ಹಳ್ಳಿಯ ಪುರಾತನ ಮನೆಯೊಂದನ್ನು ಕೇವಲ 10 ಪೌಂಡುಗಳಿಗೆ ಕೊಂಡು ತನ್ನ ಮೊದಲನೆಯ ಕಟ್ಟಡವನ್ನಾಗಿ ಮಾಡಿಕೊಂಡಿತು. ಇಂದು ಅದು ಯೂರೋಪಿನ ಅತಿ ದೊಡ್ಡ ಸಂರಕ್ಷಣ ಸಂಸ್ಥೆಗಳಲ್ಲಿ ಒಂದಾಗಿದೆ.

ಆಕ್ಟೇವಿಯಳ ಎಲ್ಲ ಅಭಿಪ್ರಾಯಗಳನ್ನೂ ಕಾಲವು ಒಪ್ಪಿಕೊಳ್ಳಲಿಲ್ಲ. ಬಡವರಿಗೆ ಸರ್ಕಾರವಾಗಲಿ ನಗರಸಭೆಯಾಗಲಿ ಮನೆ ಕಟ್ಟಿಕೊಡುವುದನ್ನು ಆಕೆ ವಿರೋಧಿಸಿದಳು. ಅದರಿಂದ ಜನರ ಸ್ವಾವಲಂಬನೆ ಕುಂದುವುದೆಂದು ಆಕೆಯ ಭಯ. ಪಾರ್ಲಿಮೆಂಟಿನ ಚುನಾವಣೆಗಳಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂಬ ವಾದವನ್ನೂ ಆಕೆ ಒಪ್ಪಲಿಲ್ಲ. ಮತ್ತೆ ಮತ್ತೆ ಎಚ್ಚರಿಸಿದರೂ ಬಾಡಿಗೆ ಕೊಡದವರನ್ನು ಆಕೆ ಮನೆಯಿಂದ ಬಿಡಿಸಿದುದುಂಟು. ಶೇಕಡ 5ರ ಬಡ್ಡಿಯನ್ನು ತರುವ ಬಾಡಿಗೆಯನ್ನು ತೀರ ಕಡುಬಡವರು ಕೊಡಲಾರರೆಂದು ಅನೇಕರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಹುರುಳಿತ್ತು. ಲಕ್ಷಾಂತರ ಜನರಿಗೆ ಮನೆ ಬೇಕಾಗಿದ್ದಾಗ ಕೆಲವು ಸಾವಿರ ಜನರಿಗೆ ಮಾತ್ರ ಆಕೆಯ ಪದ್ಧತಿಯು ಆಶ್ರಯ ನೀಡಬಲ್ಲುದಾಗಿತ್ತು. ಆಕೆಯ ಜೀವಿತಕಾಲದಲ್ಲಿಯೇ ಲಂಡನ್ನಿನ ಕೌಂಟಿ ಕೌನ್ಸಿಲ್ ಬೌಂಡರಿ ಸ್ಟ್ರೀಟ್ ಎಂಬಲ್ಲಿ ಕೊಳೆಗೇರಿಯನ್ನು ತೆಗೆದು ಮನೆಗಳನ್ನು ಕಟ್ಟಿತು; ಅವು 1900ರಲ್ಲಿ ಉದ್ಘಾಟನೆಗೊಂಡವು. 1919ರ ವಸತಿ ಕಾನೂನಿನ ತರುವಾಯ ಬ್ರಿಟನ್ನಿನ ಸ್ಥಳೀಯ ಸಂಸ್ಥೆಗಳು ಬಹು ದೊಡ್ಡ ಪ್ರಮಾಣದಲ್ಲಿ ಮನೆಗಳನ್ನು ನಿರ್ಮಿಸಿದವು.

ಆದರೂ ಆಕೆ ಕಲಿಸಿದ ಒಂದು ಪಾಠವು ಹಳೆಯದಾಗಲಿಲ್ಲ. ಮನೆಯನ್ನು ಕಟ್ಟಿ ಕೈತೊಳೆದುಕೊಂಡರೆ ಕೆಲಸ ಮುಗಿಯಲಿಲ್ಲ. ಒಕ್ಕಲುಗಳ ಅಹವಾಲನ್ನು ಕೇಳುವವರು, ಲೆಕ್ಕವನ್ನು ಪ್ರಾಮಾಣಿಕವಾಗಿ ಇಡುವವರು, ದುರಸ್ತಿಯನ್ನು ಕಾಲಕಾಲಕ್ಕೆ ಮಾಡಿಸುವವರು ಇಲ್ಲದಿದ್ದರೆ ಹೊಸ ಮನೆಯೂ ಬೇಗ ಕೊಳೆಗೇರಿಯಾಗುತ್ತದೆ. ಆಕೆಯ ಪದ್ಧತಿಯನ್ನು ಹಾಲೆಂಡ್, ಜರ್ಮನಿ ಮೊದಲಾದ ದೇಶಗಳ ಸ್ತ್ರೀಯರು ಅಭ್ಯಾಸ ಮಾಡಿದರು. ಅಮೆರಿಕದ ಫಿಲಡೆಲ್ಫಿಯದಲ್ಲಿ 1896ರಲ್ಲಿ ಆಕೆಯ ಹೆಸರಿನಲ್ಲಿಯೇ ಒಂದು ವಸತಿ ಸಂಘ ಸ್ಥಾಪಿತವಾಯಿತು. ಲಾಭವನ್ನು ಹಂಚಿಕೊಳ್ಳದೆ, ಬಂದ ಆದಾಯವನ್ನು ಮತ್ತೆ ಮನೆಗಳಿಗೇ ತೊಡಗಿಸುವ ವಸತಿ ಸಂಘಗಳು ಬ್ರಿಟನ್ನಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದವು. 1974ರ ಕಾನೂನಿನಿಂದ ಅವುಗಳಿಗೆ ಸರ್ಕಾರದ ನೆರವು ಹೆಚ್ಚಾಗಿ ದೊರೆಯಿತು. ಇಂದು ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳ ಮನೆಗಳಿಗಿಂತಲೂ ಇಂತಹ ಸಂಘಗಳ ಮನೆಗಳೇ ಹೆಚ್ಚಾಗಿವೆ. ಆಕೆ ಬೇಡವೆಂದಿದ್ದ ಸರ್ಕಾರದ ಹಣವೂ, ಆಕೆ ಬೇಕೆಂದಿದ್ದ ನಿಕಟವಾದ ಮೇಲ್ವಿಚಾರಣೆಯೂ ಅಲ್ಲಿ ಒಂದುಗೂಡಿವೆ.

ಆಕ್ಟೇವಿಯ ಹಿಲ್ ಮದುವೆಯಾಗಲಿಲ್ಲ. ಆಡಂಬರವಿಲ್ಲದೆ ಬದುಕಿದಳು. ಪ್ರತಿವರ್ಷವೂ ತನ್ನ ಸಂಗಡಿಗರಿಗೆ ಒಂದು ದೀರ್ಘವಾದ ಪತ್ರವನ್ನು ಬರೆದು, ಆ ವರ್ಷದ ಕೆಲಸವನ್ನೂ ಬಂದ ಹಣದ ಲೆಕ್ಕವನ್ನೂ ತಪ್ಪದೆ ಒಪ್ಪಿಸುತ್ತಿದ್ದಳು. 1905ರಲ್ಲಿ ಬಡವರ ಕಾನೂನುಗಳನ್ನು ಪರಿಶೀಲಿಸಲು ನೇಮಕವಾದ ರಾಯಲ್ ಕಮಿಷನ್ನಿನ ಸದಸ್ಯೆಯಾಗಿ, ಇಳಿವಯಸ್ಸಿನಲ್ಲಿಯೂ ಊರೂರು ಸುತ್ತಿದಳು. 1912ರ ಆಗಸ್ಟ್ 13ರಂದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನಳಾದಳು. ದೇಶದ ಮಹನೀಯರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಆಕೆಯ ಸಮಾಧಿಗೆ ಸ್ಥಳ ಕೊಡಲು ಮುಂದೆ ಬಂದರೂ, ಮನೆಯವರು ಅದನ್ನು ವಿನಯದಿಂದ ನಿರಾಕರಿಸಿದರು. ಕೆಂಟ್ ಪ್ರಾಂತದ ಕ್ರಾಕಮ್ ಹಿಲ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಆಕೆಯ ದೇಹವನ್ನು ಮಣ್ಣು ಮಾಡಲಾಯಿತು.

ಆಕೆಗೆ ಅಧಿಕಾರವಿರಲಿಲ್ಲ, ಸ್ವಂತ ಸಂಪತ್ತೂ ಇರಲಿಲ್ಲ. ಮೂರು ಹಾಳು ಮನೆಗಳ ಬೀಗದ ಕೈಗಳನ್ನು ಹಿಡಿದು ಆಕೆ ಕೆಲಸವನ್ನು ಆರಂಭಿಸಿದಳು. ಬಡವನಿಗೆ ಬೇಕಾದುದು ಭಿಕ್ಷೆಯಲ್ಲ, ಅವನು ಕೊಡುವ ಬಾಡಿಗೆಗೆ ತಕ್ಕ ಮನೆ ಎಂಬುದನ್ನು ಆ ಮೂರು ಮನೆಗಳ ಲೆಕ್ಕಪತ್ರದಿಂದಲೇ ತೋರಿಸಿಕೊಟ್ಟಳು. ನಗರಗಳು ಬೆಳೆಯುತ್ತಿರುವ ಎಲ್ಲ ದೇಶಗಳಿಗೂ ಆ ಲೆಕ್ಕವು ಇಂದಿಗೂ ಬೇಕಾದುದೇ ಆಗಿದೆ.